ಮಲಾವಿಯ ಉಪಾಧ್ಯಕ್ಷರನ್ನು ಅಧ್ಯಕ್ಷರೇಕೆ ವಜಾ ಮಾಡುವಂತಿಲ್ಲ?

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಆಫ್ರಿಕಾದ ಮಲಾವಿಯಲ್ಲಿ ಅಧ್ಯಕ್ಷರೊಂದಿಗೆ ಹಗೆ ಕಟ್ಟಿಕೊಂಡರೂ ಉಪಾಧ್ಯಕ್ಷರ ಹುದ್ದೆ ಹೋಗುವುದಿಲ್ಲವಂತೆ, ನಿಜವೇ? ಅಧ್ಯಕ್ಷರು ತೀರಿಕೊಂಡರೆ ನಮ್ಮ ಬಿ.ಡಿ. ಜತ್ತಿಯವರಂತೆ ಅಲ್ಲಿನವರೂ ಹಂಗಾಮಿಯಾಗಿ ಮಾತ್ರ ಇರುತ್ತಾರೆಯೇ?
– ಓದುಗರು, ವಿಜಯಪುರ

ಉತ್ತರ: ಹಂಗಾಮಿಯಲ್ಲ, ಪೂರ್ಣ ಅಧ್ಯಕ್ಷರೇ ಆಗುತ್ತಾರೆ. ಜತ್ತಿಯವರು 1977ರ ಫೆಬ್ರವರಿಯಿಂದ ಜುಲೈವರೆಗೆ, ಹೊಸ ರಾಷ್ಟ್ರಪತಿ ಬರುವ ತನಕ ಆ ಹೊಣೆ ಹೊತ್ತರು. ಮಲಾವಿಯಲ್ಲಾದರೆ ಉಳಿದ ಅವಧಿಯನ್ನೆಲ್ಲ ಉಪಾಧ್ಯಕ್ಷರೇ ಪೂರೈಸುತ್ತಾರೆ. ಅಧ್ಯಕ್ಷೀಯ ಅಭ್ಯರ್ಥಿಯ ಜೋಡಿಯಾಗಿ ಅವರೂ ಚುನಾವಣೆಗೆ ನಿಲ್ಲುವುದರಿಂದ ಬಿದ್ದ ಮತ ಇಬ್ಬರಿಗೂ ಸೇರಿದ್ದು. ಹಾಗೆ ಗೆದ್ದವರನ್ನು ಇಳಿಸಲು ಸಂಸತ್ತಿನ ಮೂರನೇ ಎರಡರಷ್ಟು ಸದಸ್ಯರ ಬೆಂಬಲವಿರುವ ಮಹಾಭಿಯೋಗವೇ ಬೇಕು.

ಈ ನಿಯಮದ ಬೆಲೆ ಗೊತ್ತಾದದ್ದು 2012ರ ಏಪ್ರಿಲ್‌ನಲ್ಲಿ. ಅಧ್ಯಕ್ಷ ಬಿಂಗು ವಾ ಮುಥಾರಿಕಾ ತಮ್ಮ ಸೋದರ ಪೀಟರ್‌ರನ್ನು ಉತ್ತರಾಧಿಕಾರಿಯಾಗಿ ಬೆಳೆಸುತ್ತಿದ್ದರು. ಅದನ್ನೊಪ್ಪದ ಉಪಾಧ್ಯಕ್ಷೆ ಜಾಯ್ಸ್ ಬಾಂಡಾರನ್ನು ಪಕ್ಷ 2010ರಲ್ಲೇ ಹೊರಹಾಕಿತ್ತು. ಅವರು ಬೇರೆ ಪಕ್ಷ ಕಟ್ಟಿದರೂ ಹುದ್ದೆ ಉಳಿದೇ ಇತ್ತು. ಏಪ್ರಿಲ್ 5ರಂದು ಬಿಂಗು ಹೃದಯಾಘಾತದಿಂದ ತೀರಿಕೊಂಡರು. ಸರ್ಕಾರ ಸುದ್ದಿಯನ್ನು ಮುಚ್ಚಿಟ್ಟು, ಚಿಕಿತ್ಸೆಯ ನೆಪದಲ್ಲಿ ಪಾರ್ಥಿವ ಶರೀರವನ್ನು ದಕ್ಷಿಣ ಆಫ್ರಿಕಾಕ್ಕೆ ವಿಮಾನದಲ್ಲಿ ಕಳಿಸಿತು. ಸಚಿವರ ಒಂದು ಗುಂಪು ಪತ್ರಿಕಾಗೋಷ್ಠಿ ಕರೆದು, ಬೇರೆ ಪಕ್ಷ ಕಟ್ಟಿದ ಬಾಂಡಾರಿಗೆ ಅಧ್ಯಕ್ಷರಾಗುವ ಅರ್ಹತೆಯಿಲ್ಲ ಎಂದಿತು. ಬಾಂಡಾ ಸೇನಾ ಮುಖ್ಯಸ್ಥ ಹೆನ್ರಿ ಒಡಿಲ್ಲೊ ಅವರಿಗೆ ಫೋನ್ ಮಾಡಿದರು. ಸೇನೆ ಸಂವಿಧಾನದ ಪರ ನಿಂತಿತು. 7ರಂದು ಲಿಲಾಂಗ್ವೆಯಲ್ಲಿ ಅವರ ಪ್ರಮಾಣವಚನವಾಯಿತು. ಅಧ್ಯಕ್ಷರಿಗೆ ವಜಾ ಮಾಡುವ ಅಧಿಕಾರವಿದ್ದಿದ್ದರೆ ಬಾಂಡಾ ಆ ಹೊತ್ತಿಗೆ ಮಾಜಿಯಾಗಿರುತ್ತಿದ್ದರು, ಅಧಿಕಾರ ಅಣ್ಣನಿಂದ ತಮ್ಮನ ಕೈಸೇರುವುದನ್ನು ತಡೆಯುವವರೇ ಇರುತ್ತಿರಲಿಲ್ಲ. ಹಾಗಾಗಿ, ಎಷ್ಟೇ ಜಗಳಕ್ಕೆ ದಾರಿಯಾದರೂ ಈ ನಿಯಮ ಇರಲೇಬೇಕು ಎನ್ನುವವನು ನಾನು.

ಕೊರತೆಯೂ ಇದೆ. ಹುದ್ದೆಯನ್ನು ಕಸಿಯಲಾಗದಿದ್ದರೂ ಕೆಲಸವನ್ನು ಕಸಿಯಬಹುದು, ಏಕೆಂದರೆ ಉಪಾಧ್ಯಕ್ಷರ ಬಹುಪಾಲು ಹೊಣೆಗಳು ಅಧ್ಯಕ್ಷರು ವಹಿಸಿಕೊಟ್ಟವು. 2022ರ ಜೂನ್‌ನಲ್ಲಿ ಸೌಲೊಸ್ ಚಿಲಿಮಾ ಮೇಲೆ ಭ್ರಷ್ಟಾಚಾರದ ಆರೋಪ ಬಂದಾಗ ಅಧ್ಯಕ್ಷ ಲಾಜರಸ್ ಚಕ್ವೆರಾ ಮಾಡಿದ್ದು ಇದನ್ನೇ. ವಜಾ ಮಾಡುವ ಅಧಿಕಾರ ತಮಗಿಲ್ಲವೆಂದು ಒಪ್ಪಿಕೊಂಡೇ, ವಹಿಸಿದ್ದ ಕೆಲಸಗಳನ್ನೆಲ್ಲ ಹಿಂದಕ್ಕೆ ಪಡೆದರು. 2024ರ ಮೇ ತಿಂಗಳಲ್ಲಿ ಚಿಲಿಮಾ ವಿರುದ್ಧದ ಮೊಕದ್ದಮೆ ಕೈಬಿಡಲಾಯಿತು. ಜೂನ್ 10ರಂದು ಚಿಕಂಗಾವಾ ಅರಣ್ಯದಲ್ಲಿ ಸೇನಾ ವಿಮಾನ ಪತನಗೊಂಡು ಅವರು ಮೃತಪಟ್ಟರು. ತೆರವಾದ ಸ್ಥಾನಕ್ಕೆ ಮೈಕೆಲ್ ಉಸಿ ಬಂದದ್ದು ಮಾತ್ರ ಅಧ್ಯಕ್ಷರ ನೇಮಕದಿಂದ; ಇಂಥ ಸಂದರ್ಭಕ್ಕೆ ಸಂವಿಧಾನವೇ ಕೊಟ್ಟ ದಾರಿಯಿದು.

ಪರೀಕ್ಷೆಯಲ್ಲಿ ಇದನ್ನೇ ಇಡೀ ಆಫ್ರಿಕಾಕ್ಕೆ ಅನ್ವಯಿಸಿ ಬರೆಯಬೇಡಿ. ಜಿಂಬಾಬ್ವೆಯಲ್ಲಿ ಉಪಾಧ್ಯಕ್ಷರನ್ನು ನೇಮಿಸುವವರೂ ತೆಗೆಯುವವರೂ ಅಧ್ಯಕ್ಷರೇ. 2017ರ ನವೆಂಬರ್ 6ರಂದು ರಾಬರ್ಟ್ ಮುಗಾಬೆ ತಮ್ಮ ಉಪಾಧ್ಯಕ್ಷ ಎಮರ್ಸನ್ ಮ್ನಂಗಾಗ್ವಾರನ್ನು ವಜಾ ಮಾಡಿದರು. ಸೇನೆ ನಡುವೆ ಬಂದು ಮುಗಾಬೆಯೇ ರಾಜೀನಾಮೆ ಕೊಡಬೇಕಾಯಿತು. ಅದೇ ತಿಂಗಳ 24ರಂದು ಮ್ನಂಗಾಗ್ವಾ ಅಧ್ಯಕ್ಷರಾದರು.