ಮೂರು ಸಾವಿರ ಕನೆಕ್ಷನ್ ಇದೆ, ಆರ್ಡರ್ ಮಾತ್ರ ಇಲ್ಲ

ಉದ್ಯೋಗ, ವ್ಯವಹಾರದವರು ಸೇರುವ ಜಾಲತಾಣ ಲಿಂಕ್ಡ್‌ಇನ್‌ನಿಂದ ವ್ಯಾಪಾರ ಬೆಳೆಸುವ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇನೆ. ಅಲ್ಲಿ ಆಹ್ವಾನ ಒಪ್ಪಿ ಸೇರಿಕೊಂಡವರನ್ನು ‘ಕನೆಕ್ಷನ್’ ಅನ್ನುತ್ತಾರೆ. ಮೊದಲನೆಯ ಪ್ರಶ್ನೆ ತುಂಬ ಜನರದ್ದು, ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ರಟ್ಟಿನ ಬಾಕ್ಸ್‌ಗಳನ್ನು ವಿನ್ಯಾಸ ಮಾಡಿಕೊಡುವ ಸಣ್ಣ ಕಂಪನಿ ನನ್ನದು. ಎರಡು ವರ್ಷದಿಂದ ಲಿಂಕ್ಡ್‌ಇನ್‌ನಲ್ಲಿದ್ದೇನೆ. ಮೂರು ಸಾವಿರ ಕನೆಕ್ಷನ್ ಆಗಿದೆ. ಹೊಸಬರು ಸೇರಿದ ಕೂಡಲೇ ನಮ್ಮ ಬ್ರೋಷರ್ ಕಳಿಸುತ್ತೇನೆ. ಇವತ್ತಿನವರೆಗೆ ಒಂದು ಆರ್ಡರೂ ಬಂದಿಲ್ಲ. ಎಲ್ಲಿ ತಪ್ಪುತ್ತಿದೆ?

ಆ ಬ್ರೋಷರ್ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಹೆಸರು ಹೇಳಿ ಮುಗಿಸುವ ಮೊದಲೇ ಕೈಗೆ ದರಪಟ್ಟಿ ತುರುಕಿದರೆ ಯಾರಿಗೆ ತಾನೆ ಇಷ್ಟವಾಗುತ್ತದೆ? ಆ ಮನುಷ್ಯನಿಗೆ ಅವತ್ತು ಬಾಕ್ಸ್ ಬೇಕಾಗಿರುವುದಿಲ್ಲ. ಬೇಕಾದ ದಿನ ನಿಮ್ಮ ಮೆಸೇಜ್ ನೆನಪಿರುವುದಿಲ್ಲ.

ಆದರೆ ದೊಡ್ಡ ತಪ್ಪು ಬೇರೆ ಕಡೆ ಇದೆ. ಗೊತ್ತಿಲ್ಲದವರನ್ನು ಗುಡ್ಡೆ ಹಾಕುತ್ತಾ ಹೋಗಿದ್ದೀರಿ, ನಿಮ್ಮ ಕೆಲಸ ಗೊತ್ತಿರುವವರನ್ನು ಅಲ್ಲೇ ಬಿಟ್ಟಿದ್ದೀರಿ. ಸಣ್ಣ ಕಂಪನಿಗೆ ಕೆಲಸ ಬರುವುದು ಹೆಚ್ಚಾಗಿ ಪರಿಚಯದವರ ಪರಿಚಯದವರಿಂದ.

ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಉದ್ಯೋಗದ ವಿಷಯದಲ್ಲಿ ಇಂಥದ್ದನ್ನು ಬರೆದಿದ್ದರು. ಪರಿಚಯದವರ ಮೂಲಕ ಉದ್ಯೋಗ ಸಿಕ್ಕವರನ್ನು ಅವರು ಮಾತಾಡಿಸಿದ್ದರು. ಆಗಾಗ ಭೇಟಿಯಾಗುವ ಆಪ್ತರಿಂದ ಸುದ್ದಿ ತಿಳಿದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದಿದ್ದು ಯಾವಾಗಲೋ ಒಮ್ಮೆ ಸಿಗುವವರಿಂದ. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ಹೆಚ್ಚುಕಮ್ಮಿ ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಓಡಾಡುವ ಜಗತ್ತೇ ಬೇರೆ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಸದಸ್ಯರ ಮೇಲೆ ನಡೆದ ಪ್ರಯೋಗಗಳ ವರದಿ ಬಂತು. ಅದರಲ್ಲಿ ಇನ್ನೊಂದು ವಿಷಯ ಕಂಡಿತು. ಹೆಚ್ಚು ನೆರವಾದವರು ತೀರಾ ಅಪರಿಚಿತರೂ ಅಲ್ಲ, ತೀರಾ ಆಪ್ತರೂ ಅಲ್ಲ, ನಡುವಿನವರು. ಈ ಎರಡೂ ಅಧ್ಯಯನ ಉದ್ಯೋಗದ ಬಗ್ಗೆ ನಡೆದಿದ್ದು, ಆರ್ಡರ್ ಬಗ್ಗೆ ಅಲ್ಲ. ಆದರೂ ಸಣ್ಣ ವ್ಯಾಪಾರಗಳ ಜೊತೆ ಕೆಲಸ ಮಾಡುತ್ತಾ ನಾನು ನೋಡಿರುವುದೂ ಇದನ್ನೇ.

ಹಾಗಾದರೆ ಏನು ಮಾಡಬೇಕು? ಒಂದು ಹಾಳೆ ತಗೊಳ್ಳಿ. ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿರುವ 30 ಜನರ ಹೆಸರು ಬರೆಯಿರಿ. ಹಳೆಯ ಗ್ರಾಹಕರು, ಹಿಂದಿನ ಸಹೋದ್ಯೋಗಿಗಳು, ನಿಮಗೆ ರಟ್ಟು ಪೂರೈಸುವವರು, ಮುದ್ರಣ ಮಾಡಿಕೊಡುವ ಪ್ರೆಸ್‌ನವರು, ಸಾಮಾನುಗಳ ಫೋಟೊ ತೆಗೆದುಕೊಡುವವರು. ಇವರಲ್ಲಿ ಎಷ್ಟು ಜನ ನಿಮ್ಮ ಕನೆಕ್ಷನ್ ಪಟ್ಟಿಯಲ್ಲಿದ್ದಾರೆ ನೋಡಿ. ಅರ್ಧದಷ್ಟು ಇರುವುದಿಲ್ಲ ಅಂತ ನನ್ನ ಅಂದಾಜು. ಮೊದಲು ಅವರನ್ನು ಸೇರಿಸಿಕೊಳ್ಳಿ. ಜೊತೆಗೆ ಎರಡು ಸಾಲು ಬರೆಯಿರಿ, ಯಾವ ಕೆಲಸದಲ್ಲಿ ಭೇಟಿಯಾಗಿದ್ದೆವು ಅಂತ ನೆನಪಿಸಿ. ಸದ್ಯಕ್ಕೆ ಅಷ್ಟು ಸಾಕು.

ಆಮೇಲೆ ನೀವು ತಲುಪಬೇಕಾದ ಕಂಪನಿಯ ಖರೀದಿ ವಿಭಾಗದವರ ಪ್ರೊಫೈಲ್ ತೆರೆಯಿರಿ. ಹೆಸರಿನ ಪಕ್ಕ ‘2nd’ (ಎರಡನೆಯ ಹಂತ) ಅಂತ ಇದ್ದರೆ ನಡುವೆ ನಿಮ್ಮಿಬ್ಬರಿಗೂ ಗೊತ್ತಿರುವ ಒಬ್ಬರಾದರೂ ಇದ್ದಾರೆ ಅಂತ ಅರ್ಥ. ಅದು ಯಾರು ಅಂತ ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಅವರನ್ನು ಕೇಳಿ. ಕೇಳುವಾಗ ‘ಸ್ವಲ್ಪ ಪರಿಚಯ ಮಾಡಿಸಿ’ ಎಂದಷ್ಟೇ ಹೇಳಿ ಕೂರಬೇಡಿ, ಏನು ಬರೆಯಬೇಕು ಅಂತ ಯೋಚಿಸುವ ಹೊರೆ ಅವರ ಮೇಲೆ ಬೀಳುತ್ತದೆ. ಹಾಗೇ ಮುಂದೆ ಕಳಿಸಬಹುದಾದ ನಾಲ್ಕು ಸಾಲು ನೀವೇ ಬರೆದುಕೊಡಿ. ನಾವು ಯಾರು, ಯಾರಿಗೆ ಏನು ಮಾಡಿಕೊಟ್ಟಿದ್ದೇವೆ, ಇವರಿಗೆ ಯಾಕೆ ಉಪಯೋಗವಾಗಬಹುದು ಅಂತ. ‘ಇಷ್ಟವಿಲ್ಲದಿದ್ದರೆ ಖಂಡಿತ ಬೇಡ’ ಅಂತಲೂ ಸೇರಿಸಿ. ಹಾಗೆ ಹೇಳುವುದು ಸೌಜನ್ಯಕ್ಕೆ ಮಾತ್ರ ಅಲ್ಲ. ಅರೆಮನಸ್ಸಿನ ಪರಿಚಯದಿಂದ ಕೆಲಸ ಕೆಡುವುದೇ ಜಾಸ್ತಿ.

ಇನ್ನು ಹೆಸರಿನ ಕೆಳಗಿನ ಹೆಡ್‌ಲೈನ್. ನಿಮ್ಮದರಲ್ಲಿ ಬಹುಶಃ ‘ಸಂಸ್ಥಾಪಕ’ ಅಂತಷ್ಟೇ ಇದೆ, ಅಲ್ವಾ? ಅಲ್ಲಿ 220 ಅಕ್ಷರಗಳಿಗೆ ಜಾಗವಿದೆ. ‘ಗಾಜಿನ ಸಾಮಾನು ಸಾಗಣೆಯಲ್ಲಿ ಒಡೆಯದಂತೆ ಬಾಕ್ಸ್ ವಿನ್ಯಾಸ ಮಾಡುತ್ತೇವೆ’ ಅಂತ ಬರೆದು ನೋಡಿ. ನೀವು ಎಲ್ಲಿ ಕಮೆಂಟ್ ಹಾಕಿದರೂ ಈ ಸಾಲು ನಿಮ್ಮ ಹೆಸರಿನ ಜೊತೆಗೇ ಹೋಗುತ್ತದೆ. ಫೋನಿನಲ್ಲಿ ಕೊನೆಯ ಭಾಗ ಕತ್ತರಿಸಿಹೋಗುವುದರಿಂದ ಮುಖ್ಯ ಪದಗಳು ಮೊದಲೇ ಬರಲಿ. ನಿಮ್ಮ ಬಗ್ಗೆ ಇನ್ನೊಬ್ಬರಿಗೆ ಹೇಳುವಾಗ ಪರಿಚಯದವರ ಬಾಯಲ್ಲಿ ಬರುವುದೂ ಇದೇ ಸಾಲು. ಅದಕ್ಕೇ ನಾನು ಇದಕ್ಕೆ ಇಷ್ಟು ಬೆಲೆ ಕೊಡುತ್ತೇನೆ.

ಈಗಿರುವ ಮೂರು ಸಾವಿರ ಜನರನ್ನು ತೆಗೆಯಬೇಕಾಗಿಲ್ಲ, ಇರಲಿ ಬಿಡಿ.

ಪ್ರಶ್ನೆ: ನಾನು ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಾರಕ್ಕೊಂದು ಪೋಸ್ಟ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕದ ಕೆಲಸದಲ್ಲಿ ಬರೆಯುವಂಥದ್ದು ಏನಿದೆ? ಗ್ರಾಹಕರ ವಿಷಯ ಹೊರಗೆ ಹೇಳುವ ಹಾಗೂ ಇಲ್ಲ.

ಗ್ರಾಹಕರು ನಿಮ್ಮನ್ನು ಫೋನಿನಲ್ಲಿ ಏನು ಕೇಳುತ್ತಾರೆ? ‘ಲಾಭ ಬಂದಿದೆ ಅಂತೀರಿ, ಖಾತೆಯಲ್ಲಿ ದುಡ್ಡೇ ಇಲ್ವಲ್ಲ?’ ಅಂತ ಒಬ್ಬರಾದರೂ ಕೇಳಿರುತ್ತಾರೆ. ಅದೇ ಒಂದು ಪೋಸ್ಟ್. ಮಾಲು ಕೊಟ್ಟಾಯಿತು, ಬಿಲ್ ಆಯಿತು, ಹಣ ಇನ್ನೂ ಬಂದಿಲ್ಲ ಅನ್ನುವುದನ್ನು ಹತ್ತು ಸಾಲಿನಲ್ಲಿ ಬಿಡಿಸಿ ಹೇಳಿ. ಇದರಲ್ಲಿ ಯಾರ ಗುಟ್ಟೂ ಹೊರಗೆ ಬರುವುದಿಲ್ಲ. ಒಂದು ತಿಂಗಳು ಇಂಥ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ವಿಷಯಕ್ಕೆ ಬರ ಇರುವುದಿಲ್ಲ.

ಗ್ರಾಹಕರ ಕಥೆಯನ್ನು ಹೆಸರು ಬದಲಿಸಿ ಹೇಳುವುದು ಮಾತ್ರ ಬೇಡ. ಅವರ ಕ್ಷೇತ್ರದವರು ಎರಡೇ ಸಾಲಿನಲ್ಲಿ ಗುರುತು ಹಿಡಿಯುತ್ತಾರೆ. ಹೇಳಲೇಬೇಕು ಅನ್ನಿಸಿದರೆ ಮೊದಲು ಅವರ ಒಪ್ಪಿಗೆ ಕೇಳಿ.

ಫೀಡ್‌ನಲ್ಲಿ ಪೋಸ್ಟಿನ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತವೆ, ಉಳಿದದ್ದನ್ನು ಓದಬೇಕಾದರೆ ಒತ್ತಬೇಕು. ಆದ್ದರಿಂದ ಪೀಠಿಕೆ ಬಿಟ್ಟು, ಗ್ರಾಹಕರು ಕೇಳಿದ ಆ ಪ್ರಶ್ನೆಯಿಂದಲೇ ಶುರು ಮಾಡಿ.

ಬರೆಯಲು ಇನ್ನೂ ಅಳುಕಿದ್ದರೆ ಕಮೆಂಟ್‌ನಿಂದ ಆರಂಭಿಸಿ. ಒಬ್ಬ ಉದ್ಯಮಿ ತನ್ನ ಕಷ್ಟ ಹೇಳಿಕೊಂಡ ಕಡೆ, ನಿಮಗೆ ತಿಳಿದ ಒಂದು ಉಪಾಯ ಹೇಳಿ. ‘ಚೆನ್ನಾಗಿ ಹೇಳಿದಿರಿ’ ಅಂತ ಸುಮ್ನೆ ಬರೆದರೆ ಉಪಯೋಗವಿಲ್ಲ. ಆದರೆ ನಾಲ್ಕು ಒಳ್ಳೆಯ ಸಾಲು ಬರೆದರೆ ಆ ಪೋಸ್ಟ್ ಓದುವವರೆಲ್ಲ ನಿಮ್ಮನ್ನು ನೋಡುತ್ತಾರೆ. ಹೊಸಬರಿಗೆ ಸ್ವಂತ ಪೋಸ್ಟಿಗಿಂತ ಇದೇ ಒಳ್ಳೆಯ ದಾರಿ ಅಂತ ನಾನು ನಂಬಿದ್ದೇನೆ. ಎಐಗೆ ಹೇಳಿ ಬರೆಸಿದ ಕಮೆಂಟ್ ಬೇಡ. ನಿಮ್ಮ ಅನುಭವ ಅದಕ್ಕೆ ಗೊತ್ತಿಲ್ಲ.

ಪ್ರಶ್ನೆ: ಲಿಂಕ್ಡ್‌ಇನ್‌ನ ಹೆಚ್ಚಿನ ಸೌಲಭ್ಯದ ಸದಸ್ಯತ್ವ ಪ್ರೀಮಿಯಂಗೆ ದುಡ್ಡು ಕೊಡಬೇಕಾ?

ಸದ್ಯ ಬೇಡ. ಕನೆಕ್ಷನ್ ಅಲ್ಲದವರಿಗೂ ಮೆಸೇಜ್ ಕಳಿಸುವುದು, ನಿಮ್ಮ ಪ್ರೊಫೈಲ್ ಯಾರು ನೋಡಿದರು ಅಂತ ಹೆಚ್ಚು ವಿವರವಾಗಿ ತಿಳಿಯುವುದು, ಇಂಥ ಸೌಲಭ್ಯಗಳು ಅದರಲ್ಲಿವೆ. ಯಾರನ್ನು ತಲುಪಬೇಕು ಅಂತ ಸ್ಪಷ್ಟವಾಗಿ ಗೊತ್ತಿರುವವರಿಗೆ ಅವು ಉಪಯುಕ್ತ. ಮೇಲೆ ಹೇಳಿದ 30 ಜನರ ಪಟ್ಟಿಯ ಕೆಲಸ ಮುಗಿಸಿ, ಆಮೇಲೆ ಯೋಚಿಸಿ.

ಪ್ರಶ್ನೆ: ದಿನಕ್ಕೆ ನೂರಾರು ಜನರಿಗೆ ತಾನಾಗಿಯೇ ಆಹ್ವಾನ ಕಳಿಸುವ ಒಂದು ಸಾಫ್ಟ್‌ವೇರ್ ಬಳಸಿದೆ. ಈಗ ಖಾತೆಗೆ ಎಚ್ಚರಿಕೆ ಬಂದಿದೆ. ಮುಂದೇನು?

ಇಂಥ ಸಾಧನಗಳನ್ನು ಲಿಂಕ್ಡ್‌ಇನ್ ತನ್ನ ನಿಯಮಗಳಲ್ಲೇ ನಿಷೇಧಿಸಿದೆ. ಮುಂದುವರಿಸಿದರೆ ಖಾತೆಯೇ ಹೋಗಬಹುದು. ಆ ಸಾಫ್ಟ್‌ವೇರ್ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ. ಉತ್ತರ ಬಾರದ ಹಳೆಯ ಆಹ್ವಾನಗಳನ್ನು ಹಿಂದಕ್ಕೆ ಪಡೆಯಿರಿ. ಕೆಲವು ವಾರ ಹೊಸ ಆಹ್ವಾನ ಬೇಡ, ಗೊತ್ತಿರುವವರ ಜೊತೆ ಮಾತುಕತೆ ಮಾತ್ರ ಇರಲಿ. ಇನ್ನೊಂದು ಕೆಲಸ ಇವತ್ತೇ ಮಾಡಿ. ಸೆಟ್ಟಿಂಗ್ಸ್‌ನ ಡೇಟಾ ಪ್ರೈವೆಸಿ ಭಾಗಕ್ಕೆ ಹೋಗಿ ಕನೆಕ್ಷನ್‌ಗಳ ಪಟ್ಟಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಪ್ಪಿಗೆ ಕೊಟ್ಟವರ ಇಮೇಲ್ ಮಾತ್ರ ಅದರಲ್ಲಿರುತ್ತದೆ. ಖಾತೆಗೆ ಏನೇ ಆದರೂ ಇಷ್ಟು ವರ್ಷ ಸಂಪಾದಿಸಿದ ಪರಿಚಯಗಳ ಹೆಸರು ನಿಮ್ಮ ಕೈಯಲ್ಲಿ ಉಳಿಯುತ್ತದೆ.