ಶಹಾಪುರದ ಲೇಖಕರಿಗೆ: ಕೋಟಿಯ ಲೆಕ್ಕ ಬಿಡ್ರಿ, ಕೆಲಸದ ಲೆಕ್ಕ ಬರೀರಿ

ಶರಣು. ಹಣ ಸುರಿದು ಅಣು ವಿದ್ಯುತ್ ಸ್ಥಾವರಗಳನ್ನು ಬೇಗ ಕಟ್ಟಬಹುದೆನ್ನುವ ನಿಮ್ಮ ಲೇಖನ ‘ಐದು ವರ್ಷದಲ್ಲಿ ಐವತ್ತು ರಿಯಾಕ್ಟರ್’ ಓದಿದೆವು. ಹೀಗೇ ಹಾಕಲಾಗದು. ಆದರೆ ಯುರೇನಿಯಂ ನಿಕ್ಷೇಪವಿರುವ ನಿಮ್ಮ ಪಕ್ಕದ ಗೋಗಿಯ ಭಾಗ ಬೆಂಗಳೂರಿನಲ್ಲಿ ಕೂತವರು ಬರೆಯಲಾರದ್ದು. ಅದನ್ನು ಇಟ್ಟುಕೊಂಡು ಉಳಿದದ್ದು ತಿದ್ದಿರಿ.

ಅಲ್ಲೂ ಒಂದು ತಪ್ಪಿದೆ. ಗೋಗಿಯ ಯುರೇನಿಯಂ ‘ಸಂವರ್ಧಿಸಿ ಕೈಗಾಕ್ಕೆ ಕಳಿಸಬಹುದು’ ಎಂದಿದ್ದೀರಿ. ಸಂವರ್ಧನೆಯೆಂದರೆ ಸುಲಭವಾಗಿ ಸೀಳುವ ಯುರೇನಿಯಂ-235ರ ಪಾಲು ಹೆಚ್ಚಿಸುವುದು. ಕೈಗಾದಲ್ಲಿರುವ 220 ಮೆಗಾವಾಟ್‌ನ ನಾಲ್ಕೂ ಘಟಕ ಭಾರಜಲ (ಭಾರ ಹೈಡ್ರೋಜನ್ ಇರುವ ನೀರು) ಬಳಸುವವು. ಅವಕ್ಕೆ ಸಹಜ ಯುರೇನಿಯಂ ಸಾಕು, ಸಂವರ್ಧನೆ ಬೇಕಿಲ್ಲ.

‘ಹಣ ಸುರಿದರೆ ವೇಗ ಬರುತ್ತದೆ’ ಎಂಬಲ್ಲಿ ಲೇಖನ ಕುಸಿಯುತ್ತದೆ. ಗುಜರಾತಿನ ಕಾಕ್ರಾಪಾರ ಅಣು ಸ್ಥಾವರದ ಮೂರನೇ ಘಟಕಕ್ಕೆ 2010ರಲ್ಲಿ ಮೊದಲ ಕಾಂಕ್ರೀಟು ಬಿತ್ತು; ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರಲ್ಲಿ. 700 ಮೆಗಾವಾಟ್ ಮಾದರಿಯ ಮೊದಲ ಘಟಕವದು. ಒಂದೇ ನಕ್ಷೆಯ ಹತ್ತು ಮನೆ ಕಟ್ಟುವ ಗೌಂಡಿಗೆ ಮೂರನೆಯದರಿಂದ ಕೈ ಓಡುತ್ತದಲ್ಲ, ಫ್ರಾನ್ಸ್ 1974ರ ನಂತರ ಮಾಡಿದ್ದು ಅಷ್ಟೇ: ಕೆಲವೇ ವಿನ್ಯಾಸ ಹಿಡಿದು ಹದಿನೈದು ವರ್ಷ ಚಿಲ್ಲರೆಯಲ್ಲಿ ಸುಮಾರು ಐವತ್ತು ರಿಯಾಕ್ಟರ್. ನಮ್ಮಲ್ಲೂ 2017ರಲ್ಲಿ 700 ಮೆಗಾವಾಟ್‌ನ ಹತ್ತು ಘಟಕಗಳಿಗೆ ಒಟ್ಟಿಗೇ ಒಪ್ಪಿಗೆ ಸಿಕ್ಕಿತು. ಕೈಗಾದ 5, 6 ಅದರಲ್ಲೇ ಇವೆ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ!

ಕೆಲಸದ ಸರದಿ ಬರೀರಿ. ಕಾಂಕ್ರೀಟಿಗೆ ಮೊದಲೇ ನಕ್ಷೆ ಮುಗಿದಿರಬೇಕು. ಕ್ಯಾಲಂಡ್ರಿಯಾ (ಭಾರಜಲ ತುಂಬುವ ರಿಯಾಕ್ಟರಿನ ದೊಡ್ಡ ಪಾತ್ರೆ), ಎಂಡ್ ಶೀಲ್ಡ್ (ಅದರ ಎರಡೂ ತುದಿಯ ವಿಕಿರಣ ತಡೆ), ಸ್ಟೀಮ್ ಜನರೇಟರ್‌ಗಳಿಗೆ ವರ್ಷಗಳ ಮುಂಚೆ ಆರ್ಡರ್ ಹೋಗಿರಬೇಕು, ಏಕೆಂದರೆ ಅವನ್ನು ಮಾಡಬಲ್ಲ ಕಾರ್ಖಾನೆಗಳೇ ಕೆಲವು. 700ರ ಒಂದು ಘಟಕದಲ್ಲಿ 392 ಕೂಲಂಟ್ ಚಾನೆಲ್, ಅಂದರೆ ಇಂಧನ ಇಟ್ಟು ಅದರ ಕಾವು ಒಯ್ಯುವ ದ್ರವ ಹರಿಸುವ ಕೊಳವೆ. ಕೊಳವೆಯ ಒಂದು ಬೆಸುಗೆ ಪರೀಕ್ಷೆಯಲ್ಲಿ ಬಿದ್ದರೂ ಕತ್ತರಿಸಿ ಮತ್ತೆ ಹಾಕಬೇಕು. ಅಷ್ಟೂ ದಿನ ಸಾಲದ ಬಡ್ಡಿ ನಿಲ್ಲದು. ಅಮೆರಿಕದ ಅಣು ಸ್ಥಾವರ ವೋಗ್ಟಲ್‌ನಲ್ಲಿ ವಿನ್ಯಾಸದ ವಿವರ ಮುಗಿಯುವ ಮೊದಲೇ ಕೆಲಸ ಹಿಡಿದರು. 2016ಕ್ಕೆ ಬರಬೇಕಿದ್ದ ಘಟಕ 2023ಕ್ಕೆ ಬಂತು.

ಇನ್ನು ‘ಭೀಮಾ ದಂಡೆಗೊಂದು ಸ್ಥಾವರ’. ತಂಪು ಗೋಪುರವಿರುವ 700 ಮೆಗಾವಾಟ್ ಘಟಕ ವರ್ಷಕ್ಕೆ ಸುಮಾರು ಅರ್ಧ ಟಿಎಂಸಿ ನೀರನ್ನು ಆವಿ ಮಾಡುತ್ತದೆ. ರಿಯಾಕ್ಟರ್ ನಿಲ್ಲಿಸಿದರೂ ಇಂಧನದ ಕಾವು ಆರದು, ಆಗಲೂ ನೀರು ಬೇಕು. ಮೇ ತಿಂಗಳ ಭೀಮೆ ನಿಮಗೆ ಗೊತ್ತಿರುವುದೇ. ನಾಲ್ಕು ಘಟಕ ಎಂದಿದ್ದೀರಿ. ನೀರು ಯಾವ ಬ್ಯಾರೇಜಿನದು, ಯಾರ ಹೊಲದ ಪಾಲಿನದು?

ಮೊದಲೆರಡು ಪುಟದ ಇತಿಹಾಸ ತೆಗೀರಿ. ‘ಕ್ಷಿಪ್ರ’ ಹನ್ನೊಂದು ಸಲ ಬಂದಿದೆ, ಒಂದು ಸಾಕು. 900 ಪದಕ್ಕಿಳಿಸಿ, ನೀರಿನ ಲೆಕ್ಕ ಸೇರಿಸಿ ಮತ್ತೆ ಕಳಿಸ್ರಿ.

— ಸಂಪಾದಕರು, ಕಲಬುರಗಿ