ಕನ್ನಡ ಮಾಧ್ಯಮದವಳಿಗೆ ಜಪಾನೀಸ್ ಕಷ್ಟವಾ?

ತಂಗೀ, ದಾವಣಗೆರೆಯಲ್ಲಿ ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಪಿಯುಸಿ ಆರ್ಟ್ಸ್, ಈಗ ಸೆಪ್ಟೆಂಬರ್‌ಗೆ ಲಂಡನ್ನಿನಲ್ಲಿ ಏಷ್ಯಾ ಅಧ್ಯಯನದ ಬಿ.ಎ., ಜೊತೆಗೆ ಜಪಾನೀಸ್. ‘ಇಂಗ್ಲಿಷ್ ಮೀಡಿಯಂನವರ ಮಧ್ಯೆ ಹಿಂದೆ ಬೀಳ್ತೀನಾ ಅಕ್ಕಾ, ಇರೋ ಮೂರು ತಿಂಗಳಲ್ಲಿ ಏನು ಓದಲಿ?’ ಅಂತ ಕೇಳಿದ್ದೀಯ. ಭಾಷೆಯ ಕ್ಲಾಸಿನಲ್ಲಿ ನೀನು ಮುಂದೇ ಇರುತ್ತೀಯ. ಪೆಟ್ಟು ಬೀಳುವ ಜಾಗ ಬೇರೆ, ಅದನ್ನೂ ಹೇಳುತ್ತೇನೆ.

ಜಪಾನೀಸ್ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ‘ತಿಂದು ನೋಡು’ ಅನ್ನುವುದಕ್ಕೆ ಅವರದು ‘ತಬೆತೆ ಮಿರು’. ‘ತಬೆತೆ’ ಅಂದರೆ ತಿಂದು, ‘ಮಿರು’ ಅಂದರೆ ನೋಡುವುದು. ‘ತಿಂದುಬಿಟ್ಟೆ’ ಅನ್ನುವಾಗ ನಮ್ಮ ‘ಬಿಟ್ಟೆ’ಯಲ್ಲಿ ಮುಗಿದುಹೋಯ್ತು, ಛೆ, ಅನ್ನುವ ಎರಡೂ ಇರುತ್ತವಲ್ಲ, ಅವರ ‘ತಬೆತೆ ಶಿಮತ್ತ’ದಲ್ಲೂ ಅದೇ ಇದೆ. ‘ಬರೆದಿಡು’ ಅಂದರೆ ‘ಕೈತೆ ಒಕು’. ‘ಒಕು’ ಅಂದರೆ ಇಡುವುದು. ನಮ್ಮ ‘ಅಂತ’ದ ಕೆಲಸವನ್ನು ಅಲ್ಲಿ ‘ತೊ’ ಮಾಡುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುವ ಸಹಪಾಠಿ ಇವನ್ನು ಒಂದೊಂದಾಗಿ ನಿಯಮದಂತೆ ಉರುಹೊಡೆಯಬೇಕು, ನಿನಗೆ ಕೇಳಿದ ತಕ್ಷಣ ಹತ್ತುತ್ತವೆ. ಹಾಗಾಗಿ ಪಠ್ಯಪುಸ್ತಕದ ಇಂಗ್ಲಿಷ್ ಅರ್ಥವನ್ನು ಕೈಯಲ್ಲಿ ಮುಚ್ಚಿ, ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೋ. ನಡುವೆ ಇಂಗ್ಲಿಷ್ ಹಾದುಬಂದರೆ ವಾಕ್ಯ ಎರಡು ಸಲ ತಲೆಕೆಳಗಾಗುತ್ತದೆ.

ಹ್ರಸ್ವ, ದೀರ್ಘ, ಒತ್ತಕ್ಷರ ನಿನ್ನ ಕಿವಿಗೆ ಆಗಲೇ ಗೊತ್ತು. ‘ಒಬಸನ್’ ಅಂದರೆ ಚಿಕ್ಕಮ್ಮ, ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಕತ್ತರಿಸಿ. ಆದ್ದರಿಂದ ರೋಮನ್ ಅಕ್ಷರದಲ್ಲಿ ಕಲಿಯಲೇಬೇಡ, ಈ ವ್ಯತ್ಯಾಸಗಳು ಅಲ್ಲಿ ಮಸುಕಾಗುತ್ತವೆ. ಜಪಾನೀಸ್‌ನಲ್ಲಿ ಉಚ್ಚಾರ ಬರೆಯುವ ಲಿಪಿ ಎರಡು, ಹಿರಗಾನ ಮತ್ತು ಕತಕಾನ; ಬರುವ ಮುಂಚೆ ಹಿರಗಾನದ 46 ಅಕ್ಷರ, ಕತಕಾನದ 46 ಅಕ್ಷರ ಕೈಗೆ ರೂಢಿಸಿಕೋ. ಅವುಗಳ ಕ್ರಮ ನೋಡು: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳ ಸಂಸ್ಕೃತ ಕಲಿಕೆಯ ದಾರಿಯಲ್ಲಿ ಅಲ್ಲಿಗೆ ಹೋದ ನಮ್ಮ ವರ್ಣಮಾಲೆಯದೇ ಜಾಡು ಅದು.

ಕಾಂಜಿ, ಅಂದರೆ ಚೀನಾದಿಂದ ಬಂದ, ಅರ್ಥ ಸೂಚಿಸುವ ಅಕ್ಷರಗಳು, ಮಾತ್ರ ಕಾಡುತ್ತವೆ. ದಿನಬಳಕೆಯ ಪಟ್ಟಿಯಲ್ಲೇ 2136 ಇವೆ, ಹೆಚ್ಚಿನವಕ್ಕೆ ಒಂದಕ್ಕಿಂತ ಹೆಚ್ಚು ಉಚ್ಚಾರಣೆ. ಬಿಡಿ ಅಕ್ಷರ ಕಲಿತವರು ಪರೀಕ್ಷೆಯಲ್ಲಿ ಅರ್ಥ ಹೇಳುತ್ತಾರೆ, ಗಟ್ಟಿಯಾಗಿ ಓದಲು ಆಗುವುದಿಲ್ಲ. ಪದದ ಜೊತೆ ಕಲಿ, ದಿನಕ್ಕೆ ಐದು ಸಾಕು, ಒಂದು ದಿನವೂ ತಪ್ಪಿಸಬೇಡ.

ಇನ್ನು ಪೆಟ್ಟು ಬೀಳುವ ಜಾಗ. 15 ಕ್ರೆಡಿಟ್‌ನ ಒಂದು ವಿಷಯ ಅಂದರೆ 150 ಗಂಟೆಯ ಕೆಲಸ. ವಾರಕ್ಕೆ ಎರಡು ಗಂಟೆಯಂತೆ ಹತ್ತು ವಾರ ಕ್ಲಾಸು ನಡೆದರೆ 20 ಗಂಟೆ. ಉಳಿದ 130 ನೀನೇ ಓದಿ ಬರೆಯಬೇಕು. ವೇಳಾಪಟ್ಟಿ ಖಾಲಿ ಕಾಣುತ್ತದೆ, ಅದನ್ನು ನಂಬಿ ಪಾರ್ಟ್‌ಟೈಮ್ ಕೆಲಸ ಹಿಡಿದವರು ನವೆಂಬರ್‌ನಲ್ಲಿ ಮುಳುಗುತ್ತಾರೆ. ವೀಸಾ ವಾರಕ್ಕೆ 20 ಗಂಟೆ ಕೊಡುತ್ತದೆ ಅಂತ ಅಷ್ಟೂ ದುಡಿಯಬೇಡ, ಮೊದಲ ವರ್ಷ ಎಂಟೋ ಹತ್ತೋ ಗಂಟೆ ಸಾಕು.

ಪ್ರಬಂಧ ಬರೆಯುವ ರೀತಿಯೂ ಬೇರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನವನ್ನೇ ತಗೋ. ಅಶೋಕ ಎಷ್ಟು ದೊಡ್ಡವನು ಅಂತ ಮೂರು ಪುಟ ತುಂಬಿಸಿದರೆ ಅಂಕ ಬರುವುದಿಲ್ಲ. ಶಾಸನದ ಕೊನೆಗೆ ಚಪಡ ಅನ್ನುವವನು ಬರೆದದ್ದು ಅಂತ ಬ್ರಾಹ್ಮಿಯಲ್ಲಿದೆ; ‘ಲಿಪಿಕಾರ’ ಅನ್ನುವ ಅವನ ವೃತ್ತಿಯ ಹೆಸರು ಮಾತ್ರ ಖರೋಷ್ಠಿಯಲ್ಲಿದೆ. ಬಲದಿಂದ ಎಡಕ್ಕೆ ಬರೆಯುವ ಆ ಲಿಪಿ ದೂರದ ವಾಯವ್ಯದ ಗಾಂಧಾರದ ಕಡೆಯದು. ಮೊಳಕಾಲ್ಮೂರು ತಾಲೂಕಿನ ಈ ಬ್ರಹ್ಮಗಿರಿಯ ಬಂಡೆಯ ಮೇಲೆ ಅದು ಯಾಕೆ ಬಂತು? ಲಿಪಿಕಾರರು ಊರೂರು ತಿರುಗುತ್ತಿದ್ದರು ಅನ್ನಲು ಇದೊಂದೇ ಸಾಕಾ? ಪುರಾವೆ ಎಲ್ಲಿಯ ತನಕ ಒಯ್ಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ತೋರಿಸಿದವಳಿಗೆ 70 ಬರುತ್ತದೆ. ಇಲ್ಲಿ 40 ಪಾಸು, 70 ಮುಟ್ಟಿದರೆ ಫಸ್ಟ್ ಕ್ಲಾಸ್. ಪಿಯುಸಿಯಲ್ಲಿ 95 ತೆಗೆದವಳಿಗೆ 62 ಬಂದಾಗ ಅಳು ಬರಬಹುದು, ಅಳಬೇಡ, ಅದು ಒಳ್ಳೆಯ ಅಂಕ.

ನೋಟ್ಸ್ ಮಾಡುವಾಗ ಪುಸ್ತಕದ ವಾಕ್ಯಕ್ಕೆ ಉದ್ಧರಣ ಚಿಹ್ನೆ, ಪುಟಸಂಖ್ಯೆ ಆಗಲೇ ಹಾಕು. ಎರಡು ವಾರದ ಮೇಲೆ ಯಾವುದು ನಿನ್ನದು, ಯಾವುದು ಪುಸ್ತಕದ್ದು ಗೊತ್ತಾಗುವುದಿಲ್ಲ. ಕೃತಿಚೌರ್ಯದ ಆರೋಪ ಬಹುಪಾಲು ಹುಟ್ಟುವುದೇ ಇಲ್ಲಿ.

ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಅರ್ಜಿ ಬೀಳುತ್ತದೆ. ಅಪ್ಪನ ಖಾತೆಯಾದರೆ ನಿನ್ನ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಬೇಕು. ಟಿಬಿ ಪರೀಕ್ಷೆ ಮರೆಯಬೇಡ. ಬೆಣ್ಣೆ, ತುಪ್ಪ, ಪೇಡ ಸೂಟ್‌ಕೇಸಿಗೆ ಹಾಕಬೇಡ, ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ಮಂಡಕ್ಕಿ ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ‘ಮಮ್ರಾ’ ಅನ್ನುವ ಹೆಸರಲ್ಲಿ ಸಿಗುತ್ತದೆ.

ಬಂದ ಮೇಲೆ ಬ್ರಿಟಿಷ್ ಲೈಬ್ರರಿಯ ರೀಡರ್ ಪಾಸ್ ಮಾಡಿಸಿಕೋ, ಉಚಿತ. ಈಸ್ಟ್ ಇಂಡಿಯಾ ಕಂಪನಿಯ, ಆಮೇಲೆ ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ಕಡತಗಳು ಅಲ್ಲಿವೆ. ‘ಚಿತ್ರದುರ್ಗ’ ಅಂತ ಹುಡುಕಿ ಏನೂ ಸಿಗಲಿಲ್ಲ ಅಂತ ವಾಪಸ್ ಬರಬೇಡ, ಹಳೆಯ ಕಾಗದಗಳಲ್ಲಿ ನಮ್ಮ ದುರ್ಗ ‘ಚಿತಲ್‌ದ್ರೂಗ್’ ಆಗಿ ಕೂತಿದೆ.